ಬೊಗಸೆಯ ತೂಕ

ಆಗಸ್ಟ್ ಒಂದು. ಸ್ಕೋನ್ ಊರಿನ ಕುದುರೆಗಳಿಗೆಲ್ಲ
ಇವತ್ತೇ ಹುಟ್ಟುಹಬ್ಬ, ಹುಟ್ಟಿದ್ದು ಯಾವಾಗಲಾದರೂ ಸರಿ;
ನಮ್ಮ ಶಾಲೆಯ ಮೇಷ್ಟ್ರು ಇಡೀ ತರಗತಿಗೆ
ಜೂನ್ ಒಂದು ಎಂದು ಬರೆದುಕೊಂಡ ಹಾಗೆ.

ನಾಲ್ಕೂವರೆಗೆ ಮೇವಿನ ಕೋಣೆಯ ಬಾಗಿಲಲ್ಲಿ
ಬೀಗವೇ ಬೆರಳಿಗೆ ಅಂಟುವಷ್ಟು ಚಳಿ.
ಒಳಗೆ ಕಾಕಂಬಿಯ ವಾಸನೆ, ಇಲಿಯ ಸರಸರ,
ಕರಿಹಲಗೆಯ ಮೇಲೆ ಮೋರೀನಳ ಓರೆ ಅಕ್ಷರ:
ಯಾರಿಗೆ ಎಷ್ಟು ಕಿಲೋ, ಎಷ್ಟು ಗ್ರಾಂ.
ಕೊನೆಗೆ ಎರಡು ಗೆರೆ ಎಳೆದು, ನನಗೆಂದೇ:
ಅಳೆಯಬೇಡ. ತೂಗು.

ಅಳೆಯುವುದು ನನಗೆ ಅಪ್ಪನಿಂದ ಬಂದದ್ದು.
ಕುಣಿಗಲ್ಲಿನ ಲಾಯದಲ್ಲಿ ಹಂಡೆ ತುಂಬ ಹುರುಳಿ ಬೇಯಿಸಿ,
ಆರಲು ಬಿಟ್ಟು, ಬೊಗಸೆಯಲ್ಲಿ ಮೊಗೆದು ಹಾಕುತ್ತಿದ್ದ.
ಇದಕ್ಕೆ ಮೂರು, ಅದಕ್ಕೆ ನಾಲ್ಕು, ಆ ಕುಂಟನಿಗೆ ಎರಡೂವರೆ.
ಅರೆ ಬೊಗಸೆ ಅಂದರೆ ಎಷ್ಟಪ್ಪಾ ಎಂದು ಕೇಳಿದರೆ
ನನ್ನ ಕೈ ಹಿಡಿದು ಕುದುರೆಯ ಪಕ್ಕೆಗೆ ಒತ್ತುತ್ತಿದ್ದ:
ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಸಿಗಬಾರದು.
ಅಷ್ಟೇ ಉತ್ತರ.

ವಿಲ್ಗಾ ತುಂಬು ಗಬ್ಬದವಳು, ಇನ್ನೆರಡು ವಾರ.
ಸೀಮಂತವಿಲ್ಲ, ಹಸಿರು ಬಳೆಯಿಲ್ಲ;
ಬಕೆಟ್ಟಿನಲ್ಲಿ ಸೋಯಾ ಹಿಂಡಿ, ಸುಣ್ಣದಂಶ, ಚಿಟಿಕೆ ತಾಮ್ರ.
ಒಳಗಿನದು ಕೈಕಾಲು ಚಾಚಿ ಜಾಗ ಹಿಡಿದು ಕೂತಿದೆ,
ಹುಲ್ಲಿಗೆ ಎಡೆಯಿಲ್ಲ. ಕಡಿಮೆಯಲ್ಲೇ ಗಟ್ಟಿ ಸೇರಬೇಕು.
ಈದ ಮೇಲೆ ನೋಡಬೇಕು ಅವಳ ಹಸಿವು!
ಪಥ್ಯ ಪಥ್ಯ ಎಂದು ಬಾಣಂತಿಯ ಬಾಯಿ ಕಟ್ಟಿದ
ನನ್ನ ಸೋದರತ್ತೆಯರನ್ನು ಕರೆತಂದು
ಇವಳ ತೊಟ್ಟಿಯ ಮುಂದೆ ಕೂರಿಸಬೇಕು.

ನಂಬರ್ ಹದಿನೇಳಕ್ಕೆ ಇನ್ನೂ ಹೆಸರಿಲ್ಲ.
ಲೆಕ್ಕದಲ್ಲಿ ಇವತ್ತಿಗೆ ಒಂದು ವರ್ಷ, ನಿಜಕ್ಕೆ ಒಂಬತ್ತೂವರೆ ತಿಂಗಳು.
ಜನವರಿಯ ಹರಾಜಿಗೆ ದೊಡ್ಡದಾಗಿ ಕಾಣಬೇಕು,
ಇನ್ನೊಂದು ಕಿಲೋ ಹಾಕಿ ಎಂದ ಮಾಲೀಕ, ಸಿಡ್ನಿಯಿಂದ.
ಮೋರೀನ್ ಫೋನಿಟ್ಟು, ಹಲಗೆಯಲ್ಲಿ ಅರ್ಧ ಕಿಲೋ ಅಳಿಸಿದಳು.
ಗಿಣ್ಣು ಮುಟ್ಟಿ ನೋಡು ಎಂದಳು. ಬೆಚ್ಚಗಿತ್ತು.
ಮಾಂಸ ಓಡುತ್ತದೆ, ಮೂಳೆ ನಡೆದು ಬರುತ್ತದೆ;
ಅದು ಬಂದು ಸೇರುವ ತನಕ ಕಾಯದಿದ್ದರೆ
ಎರಡೂ ಬೀಳುತ್ತವೆ.

ಇದೇ ಹದಿನೇಳು, ಎರಡು ವಾರದ ಮರಿಯಾಗಿದ್ದಾಗ,
ತಾಯಿಯ ಹಸಿ ಲದ್ದಿಗೆ ಬಾಯಿ ಹಾಕಿತ್ತು.
ಥೂ ಎಂದು ಓಡಿಸಲು ಹೋದೆ.
ಬಿಡು, ಎಂದಳು. ಹುಲ್ಲು ಅರಗಿಸುವ ವಿದ್ಯೆ ಅದರಲ್ಲಿದೆ,
ಅಮ್ಮನಿಂದಲೇ ತಗೊಳ್ಳಬೇಕು.

ಬಕೆಟ್ಟುಗಳನ್ನೆಲ್ಲ ತೂಗಿ ಮುಗಿಸುವಾಗ ಮ್ಯಾಗ್‌ಪೈ ಹಾಡುತ್ತದೆ.
ಉಳಿದವನು ಬ್ರಿಗಲೋ. ಮೂವತ್ತೊಂದು.
ಓಟಕ್ಕಿಲ್ಲ, ಹರಾಜಿಗಿಲ್ಲ. ಹಾಲು ಬಿಡಿಸಿದ ಮರಿಗಳು
ರಾತ್ರಿಯೆಲ್ಲ ಕೆನೆಯುವಾಗ ನಡುವೆ ನಿಂತಿರುವುದು ಅವನ ನೌಕರಿ.
ದವಡೆಯಲ್ಲಿ ಹಲ್ಲು ಸವೆದು ನುಣ್ಣಗಾಗಿದೆ;
ಒಣಹುಲ್ಲು ಕೊಟ್ಟರೆ ಅಗಿದಗಿದು, ಉಂಡೆ ಮಾಡಿ,
ಮರ್ಯಾದೆಯಿಂದ ನೆಲಕ್ಕೆ ಇಳಿಸುತ್ತಾನೆ.

ಹಲಗೆಯಲ್ಲಿ ಅವನ ಹೆಸರಿನ ಮುಂದೆ ಅಂಕಿಯಿಲ್ಲ.
ಎಷ್ಟು ತಿಂದರೆ ಅಷ್ಟು, ಎಂದು ಬರೆದಿದ್ದಾಳೆ.
ಓದಿದಾಗಲೆಲ್ಲ ಗಂಟಲು ಸ್ವಲ್ಪ ಹಿಡಿಯುತ್ತದೆ.

ರಾತ್ರಿಯೇ ನೆನೆಸಿಟ್ಟ ಬೀಟ್ ತಿರುಳು, ಕತ್ತರಿಸಿದ ಕುದುರೆಮಸಾಲೆ,
ಬಿಸಿನೀರು, ಒಂದು ಹಿಡಿ ಉಪ್ಪು, ಎಣ್ಣೆ;
ಗಂಜಿ ಕಲಸಿದಂತೆ ಮೊಣಕೈವರೆಗೆ ಕಲಸುತ್ತೇನೆ.
ಮೇಲೆ ಓಟ್ಸ್, ಇವನೊಬ್ಬನಿಗೆ, ಬೊಗಸೆಯಲ್ಲಿ.

ಒಂದು ದಿನ ಯಾರೂ ಇಲ್ಲದಾಗ
ಆ ಬೊಗಸೆಯನ್ನು ತಕ್ಕಡಿಗೆ ಸುರಿದೆ.
ನೂರ ಅರವತ್ತು ಗ್ರಾಂ. ಮತ್ತೆ ಸುರಿದೆ. ನೂರ ನಲವತ್ತೆಂಟು.
ಮೋರೀನ್ ಹೇಳುವುದು ಸರಿಯೇ.
ಅಪ್ಪನದು ಎಷ್ಟಿತ್ತೋ, ಯಾರೂ ತೂಗಲಿಲ್ಲ;
ಕೈ ನನ್ನದಕ್ಕಿಂತ ದೊಡ್ಡದಿತ್ತು.

ಬ್ರಿಗಲೋ ಉಣ್ಣಲು ಮುಕ್ಕಾಲು ಗಂಟೆ.
ಮರಿಗಳು ಬಂದು ಕಸಿಯದಂತೆ ಬೇಲಿಗೊರಗಿ ನಿಲ್ಲುತ್ತೇನೆ.
ಅವನ ಮೂತಿಯಿಂದ ಹಬೆ, ನನ್ನ ತೋಳಿನಿಂದಲೂ ಹಬೆ.
ತಳ ನೆಕ್ಕಿ, ಬಕೆಟ್ ಒದ್ದು, ತಲೆಯೆತ್ತುತ್ತಾನೆ.
ಪಕ್ಕೆಗೆ ಕೈ ಒತ್ತಿ ನೋಡುತ್ತೇನೆ.