ಎಳೆ ನಿಂತ ಕಡೆ

ಬ್ರಿಸ್ಟಲ್, ನಲವತ್ತೇಳರ ಚಳಿಗಾಲ.
ಕಲ್ಲಿದ್ದಲಿಗೂ ಪಡಿತರ; ಹಿಮ ಮಾತ್ರ ಧಾರಾಳ.
ಗುಡ್ಡದ ಮೇಲಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ
ಎನಿಡ್ ಟ್ಯಾಪ್‌ಸ್ಕಾಟ್ ಕೋಟು ಕಳಚದೆಯೇ ಕೂತು
ಬೆರಳತುದಿ ಕತ್ತರಿಸಿದ ಕೈಗವಸಿನಲ್ಲಿ
ಸೂಕ್ಷ್ಮದರ್ಶಕದ ತಿರುಪು ತಿರುಗಿಸುತ್ತಾಳೆ:
ಒಂದು ಕೂದಲೆಳೆ ಬಲಕ್ಕೆ, ಮತ್ತೊಂದು ಕೂದಲೆಳೆ.

ಹೋದ ವರ್ಷದವರೆಗೆ ತಂಬಾಕಿನ ಕಾರ್ಖಾನೆಯಲ್ಲಿ
ಸಿಗರೇಟು ಎಣಿಸಿದವಳು.
ಸೊಟ್ಟಗಿದ್ದದ್ದು ಕಂಡರೆ ಹೆಕ್ಕಿ ಎಸೆಯುವುದು.
ಇಲ್ಲಿ ತಿರುಗುಮುರುಗು:
ನೆಟ್ಟಗಿರುವುದನ್ನೆಲ್ಲ ಬಿಟ್ಟು
ಸೊಟ್ಟಗಿದ್ದದ್ದನ್ನು ಬರೆದಿಡಬೇಕು.

ಗಾಜಿನ ಮೇಲೆ ತೆಳು ಪದರ:
ದನದ ಮೂಳೆ ಕುದಿಸಿ ತೆಗೆದ ಅಂಟು, ಅದರೊಳಗೆ ಬೆಳ್ಳಿಯ ಹುಡಿ.
ಯಾವುದೋ ಪರ್ವತದ ನೆತ್ತಿಯಲ್ಲಿ ಆರು ವಾರ
ಬಿಸಿಲಿಗಲ್ಲ, ಬಿಸಿಲಿಗಿಂತ ಆಚೆಯದಕ್ಕೆ
ಮೈಯೊಡ್ಡಿ ಬಂದದ್ದು.
ಮುಗಿಲಾಚೆಯಿಂದ ಬಿದ್ದದ್ದೇನೋ
ಕಾಳು ಕಾಳನ್ನೂ ಕಪ್ಪಾಗಿಸುತ್ತ ಹಾದುಹೋಗಿದೆ,
ಬೂದಿಯ ಮೇಲೆ ಇರುವೆ ನಡೆದಂತೆ. ಇರುವೆ ಈಗಿಲ್ಲ.

ಅವಳಿಗೆ ಗಣಿತ ಬಾರದು. ಬಾರದೆಂದೇ ತೆಗೆದುಕೊಂಡರು:
ಬೇಕಾದ್ದನ್ನೇ ಕಾಣುವ ಚಟ ಇರುವುದಿಲ್ಲವಲ್ಲ.

ಮಂಗಳವಾರ, ಮೂರೂವರೆ.
ಒಂದು ಎಳೆ,
ಬರುಬರುತ್ತ ದಪ್ಪವಾಗಿ, ಬರುಬರುತ್ತ ತಡವರಿಸಿ,
ಕುಡಿದವನು ಮನೆಬಾಗಿಲಿಗೆ ಬಂದಂತೆ
ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ
ನಿಂತುಬಿಟ್ಟಿತು.
ಸತ್ತಿತು ಅಂದುಕೊಂಡಳು.

ನಿಂತ ಆ ಚುಕ್ಕೆಯಿಂದಲೇ
ಇನ್ನೊಂದು, ತೆಳ್ಳಗೆ, ಬೇರೆ ದಿಕ್ಕಿಗೆ
ಯಾರೋ ಕರೆದಂತೆ ಎದ್ದು ಹೊರಟಿತ್ತು.

ಎನಿಡ್ ಉಸಿರು ಬಿಗಿಹಿಡಿದಳು. ಬೆರಗಿಗಲ್ಲ;
ಉಸಿರು ತಾಗಿದರೆ ಮಸೂರ ಮಂಜಾಗುತ್ತದೆ.
ಅಪ್ಪನ ಹರಿದ ಕಾಲುಚೀಲ ಹೆಣೆದ ಕೈ ಅವಳದು:
ದಾರದ ಮೇಲೆ ದಾರ ಬಿದ್ದದ್ದು ಯಾವುದು,
ದಾರಕ್ಕೆ ದಾರ ಕೂಡಿದ್ದು ಯಾವುದು, ಗೊತ್ತು.
ಇದು ಬಿದ್ದದ್ದಲ್ಲ.

ಪುಸ್ತಕದಲ್ಲಿ ಬರೆದಳು: ಗಾಜು ಹದಿನೇಳು. ಅಡ್ಡ ಇಷ್ಟು, ಉದ್ದ ಇಷ್ಟು.
ಒಂದು ನಿಂತಿತು. ಇನ್ನೊಂದು ಹೊರಟಿತು.
ಕೊನೆಗೊಂದು ಪ್ರಶ್ನೆಯ ಗುರುತು ಹಾಕಿ, ಅಳಿಸಿದಳು.

ಮೆಟ್ಟಿಲು ಹತ್ತಿ ಓಡಿಬಂದವರು ಮೂವರು,
ಒಬ್ಬನ ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು.
ಸರದಿಯಂತೆ ಅವಳ ಕುರ್ಚಿಯಲ್ಲಿ ಕೂತು ಕಣ್ಣಿಟ್ಟರು.
ಅವಳು ನಿಂತಿದ್ದಳು.
ಮೂರನೆಯವನು ಬಗ್ಗುವಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ನಾಲ್ಕು ಜನ, ನಾಲ್ಕು ಉಸಿರು.
ಜಗತ್ತಿನಲ್ಲಿ ಒಂದು ವಸ್ತು ಹೆಚ್ಚಾಗಿದೆಯೆಂದು
ಜಗತ್ತಿಗಿನ್ನೂ ಗೊತ್ತಿಲ್ಲ.

ಮುಂದೆ ಇಂಥವು ಹತ್ತಾರು ಸಿಕ್ಕವು.
ಎರಡನೆಯ ಎಳೆ ಪ್ರತಿ ಸಲವೂ ಅಷ್ಟೇ ಉದ್ದ,
ಮೊಳ ಹಾಕಿ ಕತ್ತರಿಸಿದ ಹಾಗೆ.
ಅದಕ್ಕೊಂದು ಗ್ರೀಕ್ ಅಕ್ಷರ ಹೆಸರಾಯಿತು.
ಅವಳಿಗೆ ವಾರಕ್ಕೆ ಐದು ಶಿಲ್ಲಿಂಗು ಜಾಸ್ತಿಯಾಯಿತು.

ಆ ಸಂಜೆ ಮಾತ್ರ ಗುಡ್ಡ ಇಳಿಯುವಾಗ
ಕಣ್ಣು ಅಭ್ಯಾಸಬಲದಿಂದ ನೆಲದ ಮೇಲೆಯೇ ಇತ್ತು.
ಹಿಮದಲ್ಲಿ ಯಾರದೋ ಭಾರದ ಹೆಜ್ಜೆ,
ಬರುಬರುತ್ತ ಹತ್ತಿರ ಹತ್ತಿರವಾಗಿ,
ಕಂಬದ ಬಳಿ ನಿಂತೇಹೋಗಿತ್ತು.
ಅಲ್ಲಿಂದ ಎರಡು ಗಾಲಿಯ ಗೆರೆ.

ಬಸ್ಸು ತಪ್ಪಿತಲ್ಲ ಅಂದುಕೊಂಡು
ಎನಿಡ್ ನಡೆದೇ ಮನೆಗೆ ಹೋದಳು.