ದೋಣಿಯಲ್ಲಿ ಬಂದ ಪಾದ್ರಿಗೆ

ಕೂತುಕೊಳ್ಳಿ ಗುರುಗಳೇ, ಬೂಟು ಒಲೆಯ ಪಕ್ಕಕ್ಕಿಡಿ.
ನಮ್ಮ ಚಿಲೋಯೆಯ ಕೆಸರು ಒಣಗುವ ಜಾತಿಯದಲ್ಲ,
ಸಾಂತಿಯಾಗೊದಿಂದ ಬಂದವರಿಗೆ ಅದು ಗೊತ್ತಿರುವುದಿಲ್ಲ.
ವರ್ಷಕ್ಕೆರಡು ಸಲ ನಿಮ್ಮ ದೋಣಿ;
ಮಿಕ್ಕ ದಿನ ಬೀಗದ ಕೈ ನನ್ನ ಸೊಂಟದಲ್ಲಿ.
ಭಾನುವಾರದ ಪ್ರಾರ್ಥನೆ, ಹೆಣದ ಮುಂದಿನ ಜಪಮಾಲೆ,
ಸೋರುವ ಕಡೆಗೆ ಬಕೆಟ್ಟು, ಎಲ್ಲ ನನ್ನದೇ.

“ಈ ಇಗರ್ಜಿಗೆ ಸೇರಿದವರು ಎಷ್ಟು ಜನ?”
ಎಂದು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೀರಿ.
ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಗೀಟು ಕಂಡು
ಸತ್ತನೇ ಅಂತ ಕೇಳುತ್ತಿದ್ದೀರಿ.
ಇಲ್ಲ. ಆ ಗೀಟು ನಾನೆಳೆದದ್ದು.

ಎಲಾದಿಯೊ ರೆಮೊಲ್ಕೊಯ್.
ಮಾಡಿನ ರಿಪೇರಿಗೆಂದು ಕೂಡಿಟ್ಟ ಬಿಸ್ಕತ್ತಿನ ಡಬ್ಬಿ:
ಮೂರು ವರ್ಷದ ಆಲೂಗಡ್ಡೆ, ಮೂರು ವರ್ಷದ ಚಿಪ್ಪುಮೀನು,
ದೆಲ್ಮಿರಾ ಕಣ್ಣು ಕೆಡಿಸಿಕೊಂಡು ಹೆಣೆದ ಉಣ್ಣೆಯ ಕಾಲುಚೀಲ.
ಸಂತನ ಬೆನ್ನ ಹಿಂದಿನಿಂದ ಅದನ್ನೆತ್ತಿಕೊಂಡು
ಬಂದರಿನ ಹೆಂಡದಂಗಡಿಯಲ್ಲಿ ಕರಗಿಸಿದ.
ಯಾರೂ ಬೈಯಲಿಲ್ಲ. ಪೊಲೀಸರಿಗೂ ಹೇಳಲಿಲ್ಲ.
ಅವನು ಕೂರುತ್ತಿದ್ದ ಬೆಂಚಿನ ತುದಿಗೆ
ಒಬ್ಬೊಬ್ಬರಾಗಿ ಸರಿದು ಕೂತೆವು, ಅಷ್ಟೇ.

ನಾಲ್ಕು ಚಳಿಗಾಲ.
ಆ ನಾಲ್ಕು ಚಳಿಗಾಲವೂ ನಾವು ಚೆನ್ನಾಗಿಯೇ ಹಾಡಿದೆವು ಗುರುಗಳೇ,
ಶ್ರುತಿ ಎಲ್ಲೂ ತಪ್ಪಲಿಲ್ಲ.
ಈಗ ನೆನೆದರೆ ಹೆದರಿಕೆಯಾಗುವುದು ಅದಕ್ಕೇ.

ಕಡಲು ಮಾತ್ರ ಅವನನ್ನು ಮರೆತಿರಲಿಲ್ಲ.
ಉಬ್ಬರಕ್ಕೊಂದು ಗೇಣಿನಂತೆ ದಂಡೆ ತಿಂದು
ಅವನ ಮನೆಯ ಕಂಬದ ಬುಡಕ್ಕೆ ಬಂತು.
ಇಲ್ಲಿ ನಾವು ಮನೆ ಕೆಡವುವುದಿಲ್ಲ, ಎಳೆಯುತ್ತೇವೆ,
ದಿಮ್ಮಿಗಳ ಮೇಲೆ ಕೂರಿಸಿ, ಎತ್ತು ಕಟ್ಟಿ, ಊರಿಗೆ ಊರೇ ಹೆಗಲು ಕೊಟ್ಟು.
ಮಿಂಗಾ ಅನ್ನುತ್ತೇವೆ ಅದಕ್ಕೆ. ಒಂದೇ ಕಟ್ಟಳೆ:
ಮನೆಯವನು ಬಾಗಿಲು ಬಾಗಿಲಿಗೆ ಹೋಗಿ ಕೇಳಬೇಕು.
ಅವನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಿಯಾನು?
ಕೇಳದೆ ನಾವು ಹೋಗುವಂತಿಲ್ಲ. ಎಷ್ಟು ಅನುಕೂಲ ನೋಡಿ.

ಹೋದವಳು ದೆಲ್ಮಿರಾ. ಕರುಣೆ ಉಕ್ಕಿ ಅಲ್ಲ;
ಅವಳ ಕೋಪ ಇವತ್ತಿಗೂ ಆರಿಲ್ಲ.
ಅವನ ಹೊಸ್ತಿಲಲ್ಲಿ ನಿಂತು, “ಕದಿಯೋಕೆ ಕೈ ಇತ್ತು,
ಕೇಳೋಕೆ ಬಾಯಿಲ್ವೇನೋ?” ಅಂದಳು.
ಅವನು ನೆಲ ನೋಡಿದ.
“ಸರಿ, ಕೇಳಿದೀಯ ಅಂದ್ಕೋತೀನಿ,” ಎಂದು
ಅವನ ಪರವಾಗಿ ಮನೆ ಮನೆಯ ಮೆಟ್ಟಿಲು ಹತ್ತಿ ಇಳಿದಳು.
ನನ್ನ ಬಾಗಿಲಿಗೆ ಕೊನೆಗೆ ಬಂದಳು. ಬೇಕೆಂದೇ.

ಆ ಭಾನುವಾರ ಪ್ರಾರ್ಥನೆ ಆಗಲಿಲ್ಲ, ಬೇಕಾದರೆ ಬರೆದುಕೊಳ್ಳಿ.
ಎಂಟು ಜೊತೆ ಎತ್ತು. ಹಗ್ಗ ಸಾಲದೆ
ಗಂಟೆಯ ಹಗ್ಗ ನಾನೇ ಬಿಚ್ಚಿ ತಂದೆ.
ಕಿಟಕಿಯಲ್ಲಿ ಪರದೆ, ಪರದೆಯ ಸಂದಿನಲ್ಲಿ ಬೆಕ್ಕು,
ಮನೆ ಹಡಗಿನ ಹಾಗೆ ನರಳುತ್ತ ದಿಬ್ಬ ಏರಿತು.
ಏರಿದ್ದು ಅರ್ಧ. ಇಗರ್ಜಿಯ ಎದುರಿಗೇ ಕೆಸರು ಕಚ್ಚಿಕೊಂಡು,
ಹಗ್ಗ ತುಂಡಾಗಿ, ಕತ್ತಲಾಗಿ,
ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಉಣ್ಣಲು ಹೋದೆವು.

ರಾತ್ರಿ ಅವನು ಅದರಲ್ಲೇ ಮಲಗಿದ.
ಬೆಳಗ್ಗೆ ನಾನು ಇಗರ್ಜಿಯ ಬಾಗಿಲು ತೆರೆದಾಗ
ಅವನು ತನ್ನದನ್ನು ತೆರೆದ.
ನಡುವೆ ಹನ್ನೊಂದು ಹೆಜ್ಜೆ.
ನನ್ನ ಕೈಯಲ್ಲಿ ಬೀಗ, ಅವನ ಕೈಯಲ್ಲಿ ಹೊಗೆಯಾಡುವ ಕೆಟಲು.
ಯಾವುದರೊಳಗೆ ಹೋಗಬೇಕೆಂದು
ಒಂದು ಗಳಿಗೆ ಮರೆತೇ ಹೋಯಿತು.

ಹಣ ಬರಲಿಲ್ಲ. ಮಾಡು ಸೋರುತ್ತದೆ. ಅವನು ಈಗಲೂ ಕುಡಿಯುತ್ತಾನೆ.
ದೆಲ್ಮಿರಾ ಅವನೊಡನೆ ಮಾತಾಡುವುದಿಲ್ಲ,
ಬುಧವಾರ ಬುಧವಾರ ರೊಟ್ಟಿ ಕಳಿಸುತ್ತಾಳೆ, ನನ್ನ ಕೈಲೇ.
ಗೀಟು ಅಳಿಸಲು ನೋಡಿದೆ; ಕಾಗದ ಹರಿಯಿತು.

ಎಷ್ಟು ಜನ ಅಂದಿರಿ? ಬೆಂಚಿನ ಮೇಲೆ ಹತ್ತೊಂಬತ್ತು.
ಹಗ್ಗ ಹಿಡಿದವರು ಬೇಕೆಂದರೆ ನಲವತ್ತರ ಮೇಲೆ,
ಅದರಲ್ಲಿ ಆರು ಮಂದಿ ದೇವರನ್ನೇ ನಂಬದವರು,
ಎತ್ತುಗಳು ಬೇರೆ.
ನಿಮ್ಮ ಪುಸ್ತಕದಲ್ಲಿ ಅವಕ್ಕೆಲ್ಲ ಮನೆ ಉಂಟೋ ಇಲ್ಲವೋ.

ಮುಂದಿನ ಸಲ ಬರುವಾಗ ಗಂಟೆಗೊಂದು ಹಗ್ಗ ತನ್ನಿ.
ಸ್ವಲ್ಪ ಉದ್ದದ್ದೇ ಇರಲಿ.