ಬಿಳಿ ಚುಕ್ಕೆ

ಹನ್ನೊಂದು ಪಹಣಿ, ಹತ್ತು ಸಹಿ.
ಹನ್ನೊಂದನೆಯದು ನನ್ನದು. ಮೂವತ್ತೊಂದು ಗುಂಟೆ,
ನಾಲೆಯ ಕೊನೆ, ನೀರು ಬಂದರೆ ಬಂತು,
ಕೂಳೆ ಕಬ್ಬು. ಅಪ್ಪ ದಾನಪತ್ರ ಮಾಡಿಕೊಟ್ಟದ್ದು
ಅಣ್ಣಂದಿರ ಮುಖ ನೋಡದೆ.
ಎಲ್ಲರ ಗದ್ದೆಯ ನಟ್ಟನಡುವೆ ಬರುತ್ತದೆ, ಅದೇ ತೊಡಕು.
"ನೀವೊಬ್ರು ಬಿಟ್ರೆ ಹಂದಿಯೆಲ್ಲ ನಿಮ್ಮಲ್ಲೇ ಬಿಡಾರ ಹೂಡ್ತವೆ ಅಕ್ಕ"
ಅಂದ ಆ ಹುಡುಗ, ಪೂವಯ್ಯ, ಕೊಡಗಿನ ಕಡೆಯವನು.

ಡೈರಿ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿ ತೋರಿಸಿದ:
ಮೊರದಗಲದ ಹೆಲಿಕಾಪ್ಟರು.
ಅದು ಮೇಲೆ ಹಾರಿ ಬಿಸಿ ಇದ್ದಲ್ಲಿ ಬೆಳ್ಳಗೆ ತೋರಿಸುತ್ತದೆ,
ಕೆಳಗೆ ಬದುವಿನ ಮೇಲೆ ಇಬ್ಬರು, ಕೋವಿ.
ಅರಣ್ಯದವರ ಕಾಗದ ಇದೆ, ಮೊಹರಿದೆ,
ಬೇಕಾದ್ದು ಜಮೀನಿನವರ ಒಪ್ಪಿಗೆ.

ಬೋರಲಿಂಗೇಗೌಡರದು ಒಂದೇ ಪ್ರಶ್ನೆ:
"ಹೊಡೆದದ್ದು ಯಾರಿಗೆ?"
"ಯಾರಿಗೂ ಇಲ್ಲ. ಸೀಮೆಎಣ್ಣೆ ಸುರಿದು ಹೂಳಬೇಕು."
ಜಗಲಿಗೆ ಜಗಲಿಯೇ ಮೌನ.
"ಅಯ್ಯೋ, ಅಷ್ಟು ಬಾಡ!"
ಎಂದು ಯಾರೋ ನಿಟ್ಟುಸಿರಿಟ್ಟರು, ಹತ್ತಿರದವರು ಸತ್ತ ಹಾಗೆ.

ಹಂದಿಯ ಮೇಲೆ ನನಗೇನು ಪ್ರೀತಿಯಿಲ್ಲ.
ಕಬ್ಬಿನ ಬುಡ ಅಗಿದು, ರಸ ಹೀರಿ, ಸಿಪ್ಪೆ ಉಗಿದು ಹೋಗುತ್ತವೆ
ಮದುವೆ ಮನೆಯಲ್ಲಿ ಎಲೆಅಡಿಕೆ ಉಗಿದವರಂತೆ.
ಹೋದ ವರ್ಷ ಬೇಲಿಗೆ ಕರೆಂಟು ಬಿಟ್ಟವಳೂ ನಾನೇ.
ಬೆಳಿಗ್ಗೆ ನೋಡಿದರೆ ದಾಸಪ್ಪನ ನಾಯಿ,
ನಾಲಿಗೆ ಕಚ್ಚಿಕೊಂಡು.
ತಂತಿ ಸುತ್ತಿಟ್ಟೆ, ನಾಯಿ ಹೂತೆ, ಮನೆಗೆ ಬಂದು ಮುದ್ದೆ ತೊಳಸಿದೆ.
ಚಿರತೆ ಒಯ್ದಿತು ಅನ್ನುತ್ತಾನೆ ದಾಸಪ್ಪ ಇವತ್ತಿಗೂ.
ಅವತ್ತು ಜಗಲಿಯಲ್ಲಿ ನನ್ನ ಪಕ್ಕವೇ ಕೂತಿದ್ದ.

"ಮೊನ್ನೆ ಅಮಾಸೆ ರಾತ್ರಿ ಸುಮ್ನೆ ಹಾರಿಸಿದ್ವಿ, ನೋಡಿ."
ಎಲ್ಲರೂ ಪರದೆಗೆ ಬಗ್ಗಿದೆವು.
ಕಬ್ಬು ಕಪ್ಪು, ನಾಲೆ ಬೂದಿ.
ಒಂದು ದೊಡ್ಡ ಬಿಳಿ ಚುಕ್ಕೆ, ಹಿಂದೆ ಏಳೆಂಟು ಅಕ್ಕಿಕಾಳು.
"ಇದು ತಾಯಿ. ಇಗೋ, ಮೂಲೇಲಿರೋದು ಒಂಟಿಗ."
"ಕ್ವಿಂಟಾಲ್ ತೂಗ್ತದೆ" ಅಂದರು ಗೌಡರು,
ಬಾಯಲ್ಲಿ ಇನ್ನೂ ನೀರು.

ಒಂಟಿಗ ಬಗ್ಗಿತು. ನೆಲ ಕೆದಕಿತು.
ಎದ್ದು, ಸೊಂಟಕ್ಕೆ ಕೈ ಕೊಟ್ಟು,
ಹಿಂದಕ್ಕೆ ಬಾಗಿತು.

ಹಂದಿಗೆ ಸೊಂಟನೋವು ಇರುತ್ತದೆಯೇ?
ರಾತ್ರಿ ಎರಡಕ್ಕೆ ತ್ರೀಫೇಸ್ ಕೊಟ್ಟಿದ್ದರು ಅವತ್ತು.
ಮೋಟರು ಹಾಕಿ ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದೆ.
ತಲೆಯ ಮೇಲೆ ಜೇನಿನ ಸದ್ದು ಕೇಳಿತ್ತು,
ಟ್ರಾನ್ಸ್‌ಫಾರ್ಮರ್ ಅಂದುಕೊಂಡಿದ್ದೆ.

"ಅದು ನಾನು" ಅಂದೆ.

ಹುಡುಗ ಹಿಂದಕ್ಕೆ ಓಡಿಸಿದ, ಮುಂದಕ್ಕೆ ಓಡಿಸಿದ,
ಚುಕ್ಕೆ ಬಗ್ಗಿತು, ಎದ್ದಿತು, ಬಗ್ಗಿತು.
"ಖಾತ್ರಿ ಮಾಡ್ಕೊಂಡೇ ಹೊಡೆಯೋದು ಅಕ್ಕ ನಾವು."
"ಆ ಹೊತ್ತಲ್ಲಿ ನೀ ಯಾಕವ್ವ ಅಲ್ಲಿದ್ದೆ?" ಅಂದರು ಗೌಡರು.
ನನ್ನ ಗದ್ದೆಯಲ್ಲಿ ನಾನು ಯಾಕಿದ್ದೆ!

ಉತ್ತರ ಕೊಡಲಿಲ್ಲ. ನಾನು ನೋಡುತ್ತಿದ್ದದ್ದು
ಆ ಅಕ್ಕಿಕಾಳುಗಳನ್ನು, ನನ್ನಿಂದ ನಾಲ್ಕೇ ಸಾಲು ಆಚೆ.
ದೊಡ್ಡ ಚುಕ್ಕೆ ನಿಂತಿದೆ, ನಾನೂ ನಿಂತಿದ್ದೇನೆ,
ಒಬ್ಬರ ಉಸಿರು ಒಬ್ಬರಿಗೆ ಸಿಕ್ಕಂತೆ.
ಅಷ್ಟು ಹೊತ್ತು ನಿಂತಿದ್ದು ನನಗೆ ನೆನಪೇ ಇಲ್ಲ.
ಆಮೇಲೆ ಅವಳು ಅವಳ ಕೆಲಸಕ್ಕೆ, ನಾನು ನನ್ನ ಕೆಲಸಕ್ಕೆ.

ಪೆನ್ನು ಕೇಳಿದೆ. ಎಲ್ಲರ ಮುಖ ಅರಳಿತು.
ಸಹಿಯ ಗೆರೆಯ ಮೇಲಿನ ಖಾಲಿ ಜಾಗದಲ್ಲಿ ಬರೆದೆ:
ರಾತ್ರಿ ಕರೆಂಟು ಕೊಡುವ ದಿನ ಬೇಡ.
"ಅದ್ಯಾವ ದಿನ ಅಂತ ಲೈನ್‌ಮನ್ನಿಗೇ ಗೊತ್ತಿಲ್ವಲ್ಲವ್ವ!"
"ಗೊತ್ತಾದ ದಿನ ಬನ್ನಿ" ಅಂದೆ.
ಆ ಕಾಗದ ಈಗ ಪಹಣಿ ಚೀಲದಲ್ಲಿದೆ, ಮಡಿಕೆ ಬಿಡದೆ.
ಬೀದಿಯಲ್ಲಿ ಎಂಟು ಮನೆಯವರು ಮಾತಾಡಿಸುತ್ತಿಲ್ಲ.
ದಾಸಪ್ಪ ಮಾತಾಡಿಸುತ್ತಾನೆ. ಅದೇ ಕಷ್ಟ.

ಈಗ ಗದ್ದೆಗೆ ಇಳಿದರೆ ಸಾಲು ಸಾಲಿಗೂ ಕೆಮ್ಮುತ್ತೇನೆ,
ತಲೆಯ ಟವೆಲು ಬಿಚ್ಚಿ ಆಕಾಶಕ್ಕೆ ಬೀಸುತ್ತೇನೆ.
ಕೆಮ್ಮು ಹಂದಿಗೆ.
ಟವೆಲು, ಯಾರು ನೋಡುತ್ತಿದ್ದಾರೋ ಅವರಿಗೆ.
ಕತ್ತಲೊಳಗೆ ಕಬ್ಬು ಮುರಿಯುತ್ತಲೇ ಇದೆ, ಕಟುಂ, ಕಟುಂ.
ಬೆಳಿಗ್ಗೆ ಎಣಿಸಿದೆ:
ಹದಿನೇಳು ಗಳ.